ಕಟ್ಟಡ ಯೋಜನೆಗೆ ಬಿಐಎಂ ಅಳವಡಿಸುವುದು ಹೇಗೆ: ಮೊದಲ ಸಭೆಯಿಂದ ಹಸ್ತಾಂತರದವರೆಗೆ

ಕಟ್ಟಡದ ಪ್ರತಿ ಭಾಗವನ್ನೂ ಅದರ ಮಾಹಿತಿಯೊಡನೆ ಕಂಪ್ಯೂಟರ್‌ನಲ್ಲಿ ಮೂರು ಆಯಾಮದ ಮಾಡೆಲ್ ಆಗಿ ಕಟ್ಟುವುದೇ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಅಂದರೆ ಬಿಐಎಂ. ಅದನ್ನು ಅಳವಡಿಸಿಕೊಂಡಿದ್ದೇವೆ ಎನ್ನುವ ಹಲವು ಕಡೆ ಆಗಿರುವುದು ಇಷ್ಟೇ: ಸಾಫ್ಟ್‌ವೇರ್ ಬಂದಿದೆ, ಇಬ್ಬರು ಮಾಡೆಲರ್‌ಗಳು ಕೂತಿದ್ದಾರೆ, ಮಾಲೀಕರಿಗೆ ತೋರಿಸಲು ಚೆಂದದ ಮಾಡೆಲ್ ಒಂದು ತಯಾರಾಗಿದೆ. ಸೈಟಿನಲ್ಲಿ ಮಾತ್ರ ಹಳೆಯ ಟೂಡಿ ಡ್ರಾಯಿಂಗ್ ಹಿಡಿದೇ ಕೆಲಸ ನಡೆಯುತ್ತಿದೆ. ಡ್ರಾಯಿಂಗ್ ಬದಲಾದರೆ ಮಾಡೆಲ್ ತಿದ್ದುವವರಿಲ್ಲ. ಮೂರು ತಿಂಗಳಲ್ಲಿ ಎರಡಕ್ಕೂ ಸಂಬಂಧವೇ ಉಳಿಯುವುದಿಲ್ಲ.

ಹೀಗಾಗಲು ಕಾರಣ ಮಾಡೆಲರ್‌ಗಳ ಕೈಚಳಕದ ಕೊರತೆಯಲ್ಲ. ಮಾಡೆಲ್‌ನಲ್ಲಿ ತುಂಬಿದ ಮಾಹಿತಿಗೆ ಗಿರಾಕಿ ಯಾರು ಎಂದು ಯಾರೂ ಕೇಳಿರುವುದಿಲ್ಲ. ಈ ಗೋಡೆಯ ದಪ್ಪ ಯಾರಿಗೆ ಬೇಕು, ಯಾವ ದಿನಾಂಕಕ್ಕೆ, ಅದನ್ನು ನೋಡಿ ಅವರು ಯಾವ ನಿರ್ಧಾರ ಮಾಡುತ್ತಾರೆ? ಉತ್ತರವಿದ್ದರೆ ಮಾಡೆಲ್ ಮಾಡಿ, ಇಲ್ಲದಿದ್ದರೆ ಬಿಡಿ. ಕೆಳಗಿನ ಹಂತಗಳೆಲ್ಲ ಈ ಒಂದು ಪ್ರಶ್ನೆಯಿಂದಲೇ ಹೊರಡುತ್ತವೆ.

1. ಬಳಕೆಗಳ ಪಟ್ಟಿ

ಸಾಫ್ಟ್‌ವೇರ್‌ನವರನ್ನು ಕರೆಸುವ ಮುಂಚೆ ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ಯಾವ ನಿರ್ಧಾರ, ತೆಗೆದುಕೊಳ್ಳುವವರು ಯಾರು, ಯಾವಾಗಿನೊಳಗೆ, ಮಾಡೆಲ್‌ನಿಂದ ಏನು ಬೇಕು. ಒಂದು ಸಾಲು ಹೀಗಿರಬಹುದು: ಎರಡನೇ ಮಹಡಿ ಸ್ಲ್ಯಾಬ್‌ನ ಸ್ಲೀವ್‌ಗಳ (ಪೈಪ್ ಹಾಯಲು ಕಾಂಕ್ರೀಟ್‌ನಲ್ಲಿ ಬಿಡುವ ತೂತುಗಳ) ಜಾಗ; ಸೈಟ್ ಇಂಜಿನಿಯರ್; ಷಟರಿಂಗ್ ಮುಗಿಯುವ ಎರಡು ವಾರ ಮುಂಚೆ; 50 ಮಿ.ಮೀ.ಗಿಂತ ದೊಡ್ಡ ಪೈಪ್‌ಗಳೆಲ್ಲದರ ನಿಖರ ಜಾಗ ಮತ್ತು ಮಟ್ಟ. ಇನ್ನೊಂದು: ಕಾಂಕ್ರೀಟ್ ಖರೀದಿ, ಕ್ವಾಂಟಿಟಿ ಸರ್ವೇಯರ್, ಟೆಂಡರ್‌ಗೆ ಮೊದಲು, ಗ್ರೇಡ್‌ವಾರು ಘನ ಅಳತೆ.

ಮೊದಲ ಯೋಜನೆಗೆ ಮೂರು ಬಳಕೆ ಸಾಕು: ವಿಭಾಗಗಳ (ಆರ್ಕಿಟೆಕ್ಚರ್, ಸ್ಟ್ರಕ್ಚರ್, ಪ್ಲಂಬಿಂಗ್ ಮುಂತಾದವುಗಳ) ನಡುವಿನ ಹೊಂದಾಣಿಕೆ, ಮಾಡೆಲ್‌ನಿಂದಲೇ ಡ್ರಾಯಿಂಗ್ ತೆಗೆಯುವುದು, ಕಾಂಕ್ರೀಟ್ ಮತ್ತು ಗೋಡೆ ಕೆಲಸದ ಪ್ರಮಾಣ. ವೇಳಾಪಟ್ಟಿ ಜೋಡಿಸುವ ಫೋರ್‌ಡಿ, ಇಂಧನ ವಿಶ್ಲೇಷಣೆ, ನಿರ್ವಹಣಾ ದತ್ತಾಂಶ, ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡ ತಂಡ ಒಂದನ್ನೂ ದಡ ಮುಟ್ಟಿಸುವುದಿಲ್ಲ. ಒಂದು ವಿನಾಯಿತಿ ಉಂಟು. ಕಟ್ಟಡದ ಮಾಲೀಕರೇ ಮುಂದೆ ಅದನ್ನು ನಡೆಸುವವರಾದರೆ, ನಿರ್ವಹಣೆಗೆ ಬೇಕಾದ ಮಾಹಿತಿ ಯಾವುದೆಂದು ಈಗಲೇ ಕೇಳಿಕೊಳ್ಳಿ. ಕೊನೆಯಲ್ಲಿ ಕೇಳಿದರೆ ಕೊಡಲು ಆಗುವುದಿಲ್ಲ.

2. ಪ್ರಯೋಗಕ್ಕೆ ಯಾವ ಯೋಜನೆ?

ಅತಿ ದೊಡ್ಡದೂ ಬೇಡ, ಅತಿ ತುರ್ತಿನದೂ ಬೇಡ. ಪೈಪ್, ಗಾಳಿ ಹಾಯುವ ಡಕ್ಟ್, ಕೇಬಲ್ ಟ್ರೇ ಸಾಕಷ್ಟಿರುವ, ವಿನ್ಯಾಸ ಇನ್ನೂ ಶುರುವಿನಲ್ಲಿರುವ ಮಧ್ಯಮ ಗಾತ್ರದ ಕಟ್ಟಡ ಆರಿಸಿ. ಬರೀ ಕೋಣೆಗಳಿರುವ ಸರಳ ಕಟ್ಟಡದಲ್ಲಿ ಹೊಂದಾಣಿಕೆಯ ಲಾಭ ಕಣ್ಣಿಗೆ ಕಾಣುವುದಿಲ್ಲ. ಡ್ರಾಯಿಂಗ್ ಪೂರ್ತಿಯಾದ ಮೇಲೆ ಅದನ್ನೇ ನೋಡಿ ಮಾಡೆಲ್ ಕಟ್ಟಿಸುವುದು ಪ್ರಯೋಗವೇ ಅಲ್ಲ. ತಪ್ಪುಗಳು ಸಿಗುತ್ತವೆ, ತಿದ್ದುವ ಸಮಯ ಮೀರಿರುತ್ತದೆ.

3. ಜನ, ಯಂತ್ರ, ತರಬೇತಿ

ಮೂರು ಹೊಣೆಗಳು ಬೇರೆಬೇರೆ. ನಿಯಮ ಬರೆದು ಪಾಲಿಸುವಂತೆ ನೋಡಿಕೊಳ್ಳುವವರು ಬಿಐಎಂ ಮ್ಯಾನೇಜರ್. ವಿಭಾಗಗಳ ಮಾಡೆಲ್‌ಗಳನ್ನು ಜೋಡಿಸಿ ಡಿಕ್ಕಿಗಳನ್ನು (ಒಂದೇ ಜಾಗದಲ್ಲಿ ಎರಡು ಅಂಶಗಳು ಬಂದಿರುವುದನ್ನು) ಬಗೆಹರಿಸುವ ಸಭೆ ನಡೆಸುವವರು ಕೋಆರ್ಡಿನೇಟರ್. ಮಾಡೆಲ್ ಕಟ್ಟುವವರು ಮಾಡೆಲರ್. ಚಿಕ್ಕ ತಂಡದಲ್ಲಿ ಮೊದಲ ಎರಡು ಹೊಣೆ ಒಬ್ಬರ ಮೇಲೆಯೇ ಬಿದ್ದರೂ ನಡೆಯುತ್ತದೆ. ಆದರೆ ಆ ಒಬ್ಬರು ಕಟ್ಟಡ ಕಟ್ಟುವುದನ್ನು ಕಣ್ಣಾರೆ ಕಂಡವರಾಗಿರಲಿ. ಸಾಫ್ಟ್‌ವೇರ್‌ನ ಬಟನ್ ಎಲ್ಲ ಗೊತ್ತಿದ್ದೂ ಬೀಮ್‌ನ ಕಂಬಿ ಎಲ್ಲಿರುತ್ತದೆಂದು ಗೊತ್ತಿಲ್ಲದವರು, ಸಭೆಯಲ್ಲಿ ಪೈಪನ್ನು ಬೀಮ್‌ನ ತುದಿಯಲ್ಲೇ ತೂರಿಸಿಬಿಡುತ್ತಾರೆ.

ಕಂಪ್ಯೂಟರ್ ವಿಷಯದಲ್ಲಿ ಪ್ರೊಸೆಸರ್‌ನ ಕೋರ್ ಎಷ್ಟು ಎನ್ನುವುದಕ್ಕಿಂತ ಒಂದು ಕೋರ್‌ನ ವೇಗ ಮುಖ್ಯ. ಮಾಡೆಲಿಂಗ್ ಸಾಫ್ಟ್‌ವೇರ್‌ನ ಬಹುಪಾಲು ಕೆಲಸ ಒಂದೇ ಕೋರ್ ಮೇಲೆ ನಡೆಯುತ್ತದೆ. ರ‍್ಯಾಮ್ ಕನಿಷ್ಠ 32 ಜಿಬಿ, ಎಲ್ಲ ವಿಭಾಗಗಳ ಮಾಡೆಲ್ ಒಟ್ಟಿಗೆ ತೆರೆಯುವ ಕೋಆರ್ಡಿನೇಟರ್‌ಗೆ 64 ಜಿಬಿ ಇರಲಿ. ಯಾವ ಸಾಫ್ಟ್‌ವೇರ್ ಎನ್ನುವುದಕ್ಕಿಂತ ಯಾವ ಆವೃತ್ತಿ ಎಂಬುದರ ಮೇಲೆ ಬಿಗಿ ಹಿಡಿಯಿರಿ. ರೆವಿಟ್ ಎಂಬ ಮಾಡೆಲಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲ್ ಹಳೆಯದರಲ್ಲಿ ತೆರೆಯುವುದೇ ಇಲ್ಲ. ಒಬ್ಬರು ಮರೆತು ಅಪ್‌ಗ್ರೇಡ್ ಮಾಡಿದರೆ ಇಡೀ ತಂಡ ಅಲ್ಲಿಗೇ ನಿಲ್ಲುತ್ತದೆ.

ತರಬೇತಿಯನ್ನು ಒಂದೇ ವಾರದಲ್ಲಿ ಸುರಿದು ಮುಗಿಸಬೇಡಿ. ಎರಡು ದಿನ ಮೂಲಪಾಠ, ಆಮೇಲೆ ಯೋಜನೆಯಲ್ಲಿ ಆ ಕೆಲಸ ಬರುವ ವಾರದಲ್ಲೇ ಅದರ ಪಾಠ. ಮಾಡೆಲ್‌ನಿಂದ ಷೆಡ್ಯೂಲ್ (ಅಂಶಗಳ ಪಟ್ಟಿ) ತೆಗೆಯುವುದನ್ನು ಮೂರು ತಿಂಗಳು ಮುಂಚೆ ಹೇಳಿಕೊಟ್ಟರೆ ಬೇಕಾದ ದಿನ ಯಾರಿಗೂ ನೆನಪಿರುವುದಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಮತ್ತು ಸೈಟ್ ಇಂಜಿನಿಯರ್‌ಗಳಿಗೆ ಮಾಡೆಲಿಂಗ್ ಕಲಿಸುವ ಅಗತ್ಯವಿಲ್ಲ. ಉಚಿತ ವ್ಯೂವರ್‌ನಲ್ಲಿ ಮಾಡೆಲ್ ತೆರೆದು, ಕತ್ತರಿಸಿ ನೋಡಿ, ಅಳತೆ ತೆಗೆಯಲು ಬಂದರೆ ಸಾಕು. ಅದಕ್ಕೆ ಅರ್ಧ ದಿನ ಹಿಡಿಯುತ್ತದೆ.

4. ಕಾಗದದ ಮೇಲಿನ ಒಪ್ಪಂದ

ಇಲ್ಲಿ ಆಧಾರ ಐಎಸ್‌ಒ 19650 ಸರಣಿ, ಬಿಐಎಂ ಮಾಹಿತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನಕ. ಬ್ರಿಟನ್ನಿನ ಪಿಎಎಸ್ 1192 ದಾಖಲೆಗಳಿಂದ ಬೆಳೆದು ಬಂದದ್ದು. ಪರಿಕಲ್ಪನೆಗಳ ಭಾಗ 1 ಮತ್ತು ವಿನ್ಯಾಸ, ನಿರ್ಮಾಣ ಹಂತದ ಭಾಗ 2 ಬಂದದ್ದು 2018ರಲ್ಲಿ. ನಿರ್ವಹಣಾ ಹಂತದ ಭಾಗ 3 ಮತ್ತು ಮಾಹಿತಿ ಭದ್ರತೆಯ ಭಾಗ 5 ಬಂದದ್ದು 2020ರಲ್ಲಿ. ಪೂರ್ತಿ ಓದಿ ಗಾಬರಿಯಾಗುವುದು ಬೇಡ, ಭಾಗ 2ರ ಮೂರು ದಾಖಲೆಗಳನ್ನು ಸರಿಯಾಗಿ ಮಾಡಿದರೆ ಮೊದಲ ಯೋಜನೆ ದಾಟುತ್ತದೆ.

ಮೊದಲನೆಯದು ಮಾಲೀಕರ ಕಡೆಯಿಂದ ಬರುವ ಮಾಹಿತಿ ಬೇಡಿಕೆ ಪತ್ರ, ರೂಢಿಯಲ್ಲಿ ಇಐಆರ್. ಒಂದನೇ ಹಂತದ ನಾಲ್ಕು ಅಂಕಣದ ಹಾಳೆಯನ್ನು ಶಿಸ್ತಾಗಿ ಬರೆದರೆ ಅದೇ ಇಐಆರ್. ಎರಡನೆಯದು ವಿನ್ಯಾಸ ತಂಡ ಅಥವಾ ಗುತ್ತಿಗೆದಾರರು ಅದಕ್ಕೆ ಕೊಡುವ ಉತ್ತರ: ಬಿಐಎಂ ಜಾರಿ ಯೋಜನೆ, ಅಂದರೆ ಬಿಇಪಿ. ಟೆಂಡರ್ ಹಂತದಲ್ಲಿ ಒಂದು ಕರಡು, ಕೆಲಸ ಸಿಕ್ಕ ಮೇಲೆ ಒಂದು ದೃಢ ರೂಪ. ಮೂರನೆಯದು ಯಾವ ಫೈಲ್ ಯಾರು ಯಾವ ದಿನ ಕೊಡಬೇಕೆಂಬ ಪಟ್ಟಿ, ಎಂಐಡಿಪಿ. ಬಹಳ ಕಡೆ ಎಂಬತ್ತು ಪುಟದ ಬಿಇಪಿ ಇರುತ್ತದೆ, ಎಂಐಡಿಪಿ ಇರುವುದಿಲ್ಲ. ಉಲ್ಟಾ ಆಗಿದ್ದರೂ ಪರವಾಗಿರಲಿಲ್ಲ! ದಿನಾಂಕವಿರುವ ಪಟ್ಟಿ ಕೆಲಸ ಮಾಡಿಸುತ್ತದೆ. ಇನ್ನೊಂದು ಯೋಜನೆಯಿಂದ ನಕಲು ಹೊಡೆದ ಬಿಇಪಿಯನ್ನು ಯಾರೂ ತೆರೆದು ನೋಡುವುದಿಲ್ಲ.

ವಿವರದ ಮಟ್ಟವನ್ನು (ಎಲ್‌ಒಡಿ) ಅಂಶವಾರು ಬರೆಯಿರಿ. ಎಲ್‌ಒಡಿ 100 ಎಂದರೆ ಸಾಂಕೇತಿಕ, 200 ಅಂದಾಜು ಗಾತ್ರ ಮತ್ತು ಜಾಗ, 300 ನಿರ್ದಿಷ್ಟ ಗಾತ್ರ, ಆಕಾರ ಮತ್ತು ಜಾಗ, 350ರಲ್ಲಿ ಪಕ್ಕದ ಅಂಶಗಳ ಜೊತೆಗಿನ ಜೋಡಣೆ, ಆಧಾರಗಳು ಸೇರುತ್ತವೆ, 400 ತಯಾರಿಕೆಗೆ ಸಾಕಾಗುವಷ್ಟು ವಿವರ, 500 ಸೈಟಿನಲ್ಲಿ ಅಳೆದು ಖಚಿತಪಡಿಸಿದ್ದು. ‘ಇಡೀ ಮಾಡೆಲ್ ಎಲ್‌ಒಡಿ 400 ಬೇಕು’ ಎಂದು ಕೇಳುವ ಮಾಲೀಕರು ಅನಗತ್ಯ ಕೆಲಸಕ್ಕೆ ದುಡ್ಡು ಕೊಡುತ್ತಿರುತ್ತಾರೆ. ಹೊಂದಾಣಿಕೆಗೆ ಡಕ್ಟ್ 350ರಲ್ಲಿ ಬೇಕು, ಬಾಗಿಲ ಹಿಡಿಕೆ 200ರಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಇನ್ನು 2024ರ ಐಎಸ್‌ಒ 7817-1 ಆಕಾರ, ಅಕ್ಷರ ಮಾಹಿತಿ, ದಾಖಲೆ ಮೂರನ್ನೂ ಬೇರ್ಪಡಿಸಿ ಕೇಳಲು ಹೇಳುತ್ತದೆ. ಇದು ಒಳ್ಳೆಯ ಅಭ್ಯಾಸ: ಪಂಪಿಗೆ ಒಂದು ಡಬ್ಬದ ಆಕಾರ ಸಾಕು, ಆದರೆ ಅದರ ಹರಿವು, ಹೆಡ್, ವಿದ್ಯುತ್ ಬಳಕೆ ಕಡ್ಡಾಯ ಎಂದು ಬರೆಯಬಹುದು.

ಕರಾರಿನಲ್ಲಿ ನಾಲ್ಕು ವಿಷಯ ಸ್ಪಷ್ಟವಿರಲಿ: ಮಾಡೆಲ್ ಮತ್ತು ಡ್ರಾಯಿಂಗ್ ಹೊಂದದಿದ್ದಾಗ ಯಾವುದು ಅಂತಿಮ, ಮಾಡೆಲ್ ಯಾರ ಸ್ವತ್ತು, ಪಡೆದವರು ಅದನ್ನು ಯಾವುದಕ್ಕೆ ಬಳಸಬಹುದು, ಶುಲ್ಕದ ಯಾವ ಕಂತು ಯಾವ ಮಾಡೆಲ್ ಕೊಟ್ಟಾಗ ಬಿಡುಗಡೆ. ಕೊನೆಯದಿಲ್ಲದಿದ್ದರೆ ಉಳಿದ ಮೂರಕ್ಕೆ ಬಲವಿಲ್ಲ.

5. ಮೂಲಬಿಂದು ಮತ್ತು ಮಟ್ಟ

ಮಾಡೆಲಿಂಗ್ ಶುರುವಾದ ಮೇಲೆ ತಿದ್ದಲು ಅತಿ ಕಷ್ಟವಾದದ್ದು ಇದೇ. ಆರ್ಕಿಟೆಕ್ಟ್‌ನ ಕಟ್ಟಡ ಒಂದು ಕಡೆ, ಸ್ಟ್ರಕ್ಚರ್ ಇನ್ನೊಂದು ಕಡೆ, ಪ್ಲಂಬಿಂಗ್ ಆಕಾಶದಲ್ಲಿ ತೇಲುವುದು ಮೊದಲ ಜೋಡಣೆಯ ದಿನ ಸಾಮಾನ್ಯ ದೃಶ್ಯ. ಆಗ ಕಣ್ಣಳತೆಯಲ್ಲಿ ಎಳೆದು ಕೂರಿಸುತ್ತಾರೆ. ಮುಂದಿನ ವಾರ ಹೊಸ ಫೈಲ್ ಬಂದಾಗ ಮತ್ತೆ ಅದೇ ಪಾಡು.

ಮಾಡಬೇಕಾದದ್ದು ಇಷ್ಟು. ಕಟ್ಟಡದ ಎರಡು ಗ್ರಿಡ್ ರೇಖೆಗಳು ಕೂಡುವ ಒಂದು ಬಿಂದುವನ್ನು ಯೋಜನೆಯ ಮೂಲಬಿಂದು ಎಂದು ಗೊತ್ತುಮಾಡಿ, ಸಾಫ್ಟ್‌ವೇರ್‌ನ ಒಳಗಿನ ಶೂನ್ಯಬಿಂದುವೂ ಅಲ್ಲೇ ಬರುವಂತೆ ಇಡಿ. ಸರ್ವೆ ನಿರ್ದೇಶಾಂಕಗಳನ್ನು ಹಂಚಿದ ನಿರ್ದೇಶಾಂಕ ವ್ಯವಸ್ಥೆಯ ಮೂಲಕ ಅದಕ್ಕೆ ಕಟ್ಟಿ; ಜ್ಯಾಮಿತಿಯನ್ನೇ ಸರ್ವೆ ಅಂಕಿಗಳ ಮೇಲೆ ಕೊಂಡೊಯ್ದು ಕೂರಿಸಬೇಡಿ. ಯುಟಿಎಂ ಎಂಬ ನಕ್ಷೆ ನಿರ್ದೇಶಾಂಕ ಪದ್ಧತಿಯ ಅಂಕಿಗಳು ಲಕ್ಷಗಟ್ಟಲೆ ಮೀಟರ್‌ನಲ್ಲಿರುತ್ತವೆ. ಗ್ರಾಫಿಕ್ಸ್ ಕಾರ್ಡ್ ಬಳಸುವ 32 ಬಿಟ್ ದಶಮಾಂಶ ಸಂಖ್ಯೆ 5,00,000 ಮೀಟರ್ ದೂರದಲ್ಲಿ ಸುಮಾರು 31 ಮಿ.ಮೀ.ಗಿಂತ ಸೂಕ್ಷ್ಮ ವ್ಯತ್ಯಾಸವನ್ನು ಹಿಡಿಯಲಾರದು. ಗೆರೆಗಳು ನಡುಗುವುದು, ಮೇಲ್ಮೈಗಳು ಹರಿದಂತೆ ಕಾಣುವುದು ಇದರಿಂದಲೇ.

ಯೋಜನೆಯ ಉತ್ತರ ಮತ್ತು ನಿಜ ಉತ್ತರದ ನಡುವಿನ ಕೋನವನ್ನು ಪೂರ್ತಿ ದಶಮಾಂಶಗಳೊಡನೆ ಬರೆದುಕೊಡಿ. 0.1 ಡಿಗ್ರಿ ವ್ಯತ್ಯಾಸ 100 ಮೀಟರ್ ದೂರದಲ್ಲಿ 175 ಮಿ.ಮೀ. ಆಗುತ್ತದೆ. ಯುಟಿಎಂ ಬಳಸುವವರು ಅಳತೆ ಗುಣಕವನ್ನೂ ನೋಡಬೇಕು: ವಲಯದ ಮಧ್ಯರೇಖೆಯಲ್ಲಿ ಅದು 0.9996, ಅಂದರೆ ನೆಲದ ಮೇಲಿನ 100 ಮೀಟರ್ ನಕ್ಷೆಯಲ್ಲಿ 40 ಮಿ.ಮೀ. ಕಡಿಮೆ. ಒಂದು ಮನೆಗೆ ಇದು ಲೆಕ್ಕಕ್ಕಿಲ್ಲ. ಉದ್ದನೆಯ ಕಾರ್ಖಾನೆ ಅಥವಾ ರಸ್ತೆಗೆ ಲೆಕ್ಕಕ್ಕಿದೆ.

ಮಟ್ಟಗಳಲ್ಲಿ ಆರ್ಕಿಟೆಕ್ಟ್ ಬರೆಯುವುದು ನೆಲಹಾಸು ಮುಗಿದ ಮಟ್ಟ, ಸ್ಟ್ರಕ್ಚರಲ್ ಇಂಜಿನಿಯರ್ ಬರೆಯುವುದು ಸ್ಲ್ಯಾಬ್ ಮೇಲ್ಮಟ್ಟ. ಎರಡಕ್ಕೂ ‘ಮೊದಲ ಮಹಡಿ’ ಎಂದೇ ಹೆಸರಿಟ್ಟರೆ 50 ಅಥವಾ 75 ಮಿ.ಮೀ. ಗೊಂದಲ ಪ್ರತಿ ಮಹಡಿಯಲ್ಲೂ ಗ್ಯಾರಂಟಿ. ಹೆಸರಲ್ಲೇ ಯಾವ ಮಟ್ಟವೆಂದು ಬರಲಿ.

ಪರೀಕ್ಷೆ ಸುಲಭ. ಗ್ರಿಡ್, ಮಟ್ಟ, ಜೊತೆಗೆ ಮೂಲಬಿಂದುವಿನ ಮೇಲೆ 1 ಮೀಟರ್ ಘನಾಕೃತಿ ಇರುವ ಖಾಲಿ ಫೈಲೊಂದನ್ನು ಎಲ್ಲರಿಗೂ ಕೊಡಿ. ಪ್ರತಿ ವಿಭಾಗವೂ ತನ್ನ ಸಾಫ್ಟ್‌ವೇರ್‌ನಲ್ಲಿ ಅದೇ ಘನಾಕೃತಿ ಮಾಡಿ ಐಎಫ್‌ಸಿ ರೂಪದಲ್ಲಿ (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಫೈಲ್ ರೂಪ) ವಾಪಸ್ ಕಳುಹಿಸಲಿ. ಎಲ್ಲವನ್ನೂ ಒಟ್ಟಿಗೆ ತೆರೆದಾಗ ಒಂದೇ ಘನಾಕೃತಿ ಕಾಣಬೇಕು. ಎರಡು ಕಂಡರೆ ಯಾರೂ ಒಂದು ಗೋಡೆಯನ್ನೂ ಎಳೆಯಕೂಡದು.

6. ಫೈಲ್‌ಗಳ ಮನೆ

ಎಲ್ಲ ಫೈಲ್‌ಗಳಿಗೂ ಒಂದೇ ಸಾಮಾನ್ಯ ಜಾಗ, ಸಿಡಿಇ. ಐಎಸ್‌ಒ 19650 ಇದರಲ್ಲಿ ನಾಲ್ಕು ಸ್ಥಿತಿ ಹೇಳುತ್ತದೆ: ಕೆಲಸ ನಡೆಯುತ್ತಿರುವುದು, ಹಂಚಿದ್ದು, ಪ್ರಕಟಿಸಿದ್ದು, ಸಂಗ್ರಹ. ‘ನಡೆಯುತ್ತಿರುವುದು’ ಆ ವಿಭಾಗದವರಿಗೆ ಮಾತ್ರ ಕಾಣಬೇಕು. ‘ಹಂಚಿದ್ದು’ ಇತರರು ನೋಡಿ ಹೊಂದಿಸಿಕೊಳ್ಳಲು, ಕಟ್ಟಲು ಅಲ್ಲ. ‘ಪ್ರಕಟಿಸಿದ್ದು’ ಮಾತ್ರ ಸೈಟಿಗೆ. ದುಬಾರಿ ಸಾಫ್ಟ್‌ವೇರ್ ಇಲ್ಲದಿದ್ದರೆ ನಾಲ್ಕು ಫೋಲ್ಡರ್, ಯಾರಿಗೆ ಎಲ್ಲಿ ಬರೆಯುವ ಅನುಮತಿ ಎಂಬ ನಿಯಮ, ಬದಲಾವಣೆಯ ದಾಖಲೆ ಇಷ್ಟರಲ್ಲೂ ಶುರು ಮಾಡಬಹುದು. ಹಂಚುವ ದಿನ ವಾರಕ್ಕೊಂದು ನಿಗದಿಯಾಗಿರಲಿ.

ಫೈಲ್ ಹೆಸರಿನಲ್ಲಿ ಯೋಜನೆ, ತಯಾರಿಸಿದ ಸಂಸ್ಥೆ, ಕಟ್ಟಡದ ಭಾಗ, ಮಹಡಿ, ಫೈಲ್ ಬಗೆ, ವಿಭಾಗ, ಸಂಖ್ಯೆ ಈ ಕ್ರಮದಲ್ಲಿ ಚಿಕ್ಕ ಸಂಕೇತಗಳು ಬರಲಿ. ಪರಿಷ್ಕರಣೆ ಸಂಖ್ಯೆಯನ್ನು ಹೆಸರಿಗೆ ಸೇರಿಸಬೇಡಿ, ಪ್ರತ್ಯೇಕ ಮಾಹಿತಿಯಾಗಿ ದಾಖಲಿಸಿ. ಹೆಸರು ಬದಲಾದರೆ ಲಿಂಕ್‌ಗಳೆಲ್ಲ ಕಡಿಯುತ್ತವೆ. ವಾಟ್ಸಾಪ್‌ನಲ್ಲಿ ಮಾಡೆಲ್ ಅಥವಾ ಡ್ರಾಯಿಂಗ್ ಕಳಿಸುವುದನ್ನು ಮೊದಲ ದಿನದಿಂದಲೇ ನಿಲ್ಲಿಸಿ. ಎಷ್ಟೇ ಹೇಳಿದರೂ ಯಾರೋ ಒಬ್ಬರು ಕಳಿಸಿಯೇ ಕಳಿಸುತ್ತಾರೆ, ಸೈಟಿನವರು ಅದನ್ನೇ ನೋಡಿ ಕಟ್ಟುತ್ತಾರೆ.

7. ಮಾಡೆಲ್ ಕಟ್ಟುವ ಶಿಸ್ತು

ಸೈಟಿನಲ್ಲಿ ಹೇಗೆ ಕಟ್ಟುತ್ತಾರೋ ಮಾಡೆಲ್‌ನಲ್ಲೂ ಹಾಗೇ ಕಟ್ಟಬೇಕು. ಐದು ಮಹಡಿಗೆ ಒಂದೇ ಉದ್ದನೆಯ ಕಾಲಂ ಎಳೆದರೆ ಬೇಗ ಮುಗಿಯುತ್ತದೆ. ಮಹಡಿವಾರು ಕಾಂಕ್ರೀಟ್ ಕೇಳಿದ ದಿನ ಮತ್ತೆ ಮಾಡಬೇಕಾಗುತ್ತದೆ. ಸ್ಲ್ಯಾಬ್ ಬೇರೆ, ಅದರ ಮೇಲಿನ ಸ್ಕ್ರೀಡ್ ಮತ್ತು ಟೈಲ್ಸ್ ಬೇರೆ. ಗೋಡೆಗಳು ಬೀಮ್‌ನ ತಳಕ್ಕೆ ನಿಲ್ಲಲಿ, ಮೇಲಿನ ಸ್ಲ್ಯಾಬ್ ಒಳಗೆ ನುಗ್ಗದಿರಲಿ. ಡಕ್ಟ್ ಮತ್ತು ತಣ್ಣೀರಿನ ಪೈಪ್‌ಗೆ ಇನ್ಸುಲೇಶನ್ ಸೇರಿಸಿ. ಮಲಿನ ನೀರಿನ ಪೈಪ್‌ಗೆ ಇಳಿಜಾರು ಕೊಡಿ. ಅದನ್ನು ಸಮತಟ್ಟಾಗಿ ಎಳೆದ ಮಾಡೆಲ್ ನೋಡಲು ನೀಟಾಗಿರುತ್ತದೆ, ಸೈಟಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಒಂದೇ ಫೈಲ್‌ನಲ್ಲಿ ಎಲ್ಲ ತುಂಬಬೇಡಿ. ವಿಭಾಗವಾರು, ದೊಡ್ಡ ಯೋಜನೆಯಾದರೆ ಬ್ಲಾಕ್‌ವಾರು ಒಡೆಯಿರಿ. ತಯಾರಕರ ಜಾಲತಾಣದಿಂದ ಇಳಿಸಿದ ಉಪಕರಣಗಳಲ್ಲಿ ನಟ್ಟು ಬೋಲ್ಟುಗಳ ತಿರುಪಿನ ಗೆರೆಗಳವರೆಗೆ ವಿವರ ಇರುತ್ತದೆ, ಅಂಥ ನೂರು ಸೇರಿದರೆ ಫೈಲ್ ಮೇಲೇಳುವುದಿಲ್ಲ. ಹೊರ ಆಕಾರ, ಪೈಪ್ ಕೂಡುವ ತುದಿಗಳು, ರಿಪೇರಿಗೆ ಬೇಕಾದ ಖಾಲಿ ಜಾಗ ಇಷ್ಟಿಟ್ಟು ಉಳಿದದ್ದು ತೆಗೆಯಿರಿ.

ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ವಿನಿಮಯಕ್ಕೆ ಐಎಫ್‌ಸಿ ಬಳಸಿ. ಇದು ಐಎಸ್‌ಒ 16739 ಮಾನಕ, ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆಯದ್ದು. ಐಎಫ್‌ಸಿ 2x3 ಅಥವಾ ಐಎಫ್‌ಸಿ 4, ಯಾವುದಾದರೂ ಒಂದನ್ನು ಬಿಇಪಿಯಲ್ಲಿ ನಿಗದಿಪಡಿಸಿ. ಕಳುಹಿಸುವ ಮುನ್ನ ನೀವು ಮಾಡೆಲ್ ಮಾಡಿದ ಸಾಫ್ಟ್‌ವೇರ್ ಬಿಟ್ಟು ಬೇರೊಂದು ವ್ಯೂವರ್‌ನಲ್ಲಿ ತೆರೆದು ನೋಡಿ. ಪಟ್ಟಿಯಲ್ಲಿ ಗೋಡೆ, ಬೀಮ್, ಪೈಪ್ ಬದಲು ಎಲ್ಲವೂ ‘ಪ್ರಾಕ್ಸಿ’ ಎಂದು ಬಂದಿದ್ದರೆ ವರ್ಗ ಜೋಡಣೆ ತಪ್ಪಿದೆ ಎಂದರ್ಥ. ಅಂಥ ಫೈಲ್‌ನಿಂದ ಪ್ರಮಾಣವನ್ನೂ ತೆಗೆಯಲಾಗದು, ವರ್ಗವಾರು ಪರೀಕ್ಷೆಯನ್ನೂ ನಡೆಸಲಾಗದು. ಬೇಕಾದ ಮಾಹಿತಿ ಇದೆಯೇ ಎಂದು ಯಂತ್ರವೇ ಪರೀಕ್ಷಿಸುವಂತೆ ಬರೆಯಲು ಅದೇ ಸಂಸ್ಥೆ 2024ರಲ್ಲಿ ಐಡಿಎಸ್ ಎಂಬ ಮಾನಕದ 1.0 ಆವೃತ್ತಿ ತಂದಿದೆ. ನೂರಾರು ಬಾಗಿಲಿಗೆ ಬೆಂಕಿ ತಡೆ ಅವಧಿ ತುಂಬಿದ್ದಾರೋ ಇಲ್ಲವೋ ಎಂದು ಕಣ್ಣಲ್ಲಿ ನೋಡುವ ಕೆಲಸ ಇದರಿಂದ ತಪ್ಪುತ್ತದೆ.

8. ಡಿಕ್ಕಿ ಪರೀಕ್ಷೆ ಮತ್ತು ಹೊಂದಾಣಿಕೆ ಸಭೆ

ಮೊದಲ ಬಾರಿ ಕ್ಲ್ಯಾಶ್ ಪರೀಕ್ಷೆ ಓಡಿಸಿದವರಿಗೆ ಸಾವಿರಗಟ್ಟಲೆ ಡಿಕ್ಕಿಗಳ ಪಟ್ಟಿ ಬರುತ್ತದೆ. ಅದನ್ನು ಹಾಗೇ ಎಲ್ಲರಿಗೂ ಮೇಲ್ ಮಾಡಿದರೆ ಆ ಪಟ್ಟಿಯ ಕಥೆ ಅಲ್ಲಿಗೆ ಮುಗಿಯಿತು. ‘ಎಲ್ಲದಕ್ಕೂ ಎಲ್ಲ’ ಎಂದು ಪರೀಕ್ಷಿಸಿದ್ದೇ ತಪ್ಪು. ಒಂದು ಕ್ರಮ ಇಟ್ಟುಕೊಳ್ಳಿ.

ಮೊದಲು ಪ್ರತಿ ವಿಭಾಗ ತನ್ನ ಮಾಡೆಲ್‌ನೊಳಗೇ ಒಂದರ ಮೇಲೊಂದು ಕೂತ ನಕಲುಗಳನ್ನು ತೆಗೆಯಬೇಕು. ಆಮೇಲೆ ಸ್ಟ್ರಕ್ಚರ್‌ಗೆ ಆರ್ಕಿಟೆಕ್ಚರ್. ಆಮೇಲೆ ಸ್ಟ್ರಕ್ಚರ್‌ಗೆ ಇಳಿಜಾರಿನ ಪೈಪ್ ಮತ್ತು ದೊಡ್ಡ ಡಕ್ಟ್. ಇವು ಬಗೆಹರಿದ ಮೇಲೆಯೇ ಸೇವೆಗಳ (ಪೈಪ್, ಡಕ್ಟ್, ಕೇಬಲ್ ಟ್ರೇಗಳ) ನಡುವಿನ ಪರೀಕ್ಷೆ, ಕೊನೆಗೆ ಫಾಲ್ಸ್ ಸೀಲಿಂಗ್. ಸಹನೆ ಮಿತಿಯನ್ನು 10ರಿಂದ 25 ಮಿ.ಮೀ. ನಡುವೆ ಇಡಿ, ಶೂನ್ಯ ಇಟ್ಟರೆ ಗೋಡೆಗೆ ತಾಗಿದ ಸ್ವಿಚ್ ಡಬ್ಬವೂ ಡಿಕ್ಕಿಯಾಗಿ ಬರುತ್ತದೆ. ಒಂದು ಡಕ್ಟ್ ಹನ್ನೆರಡು ಬೀಮ್‌ಗೆ ತಾಗಿದ್ದರೆ ಸಮಸ್ಯೆ ಹನ್ನೆರಡಲ್ಲ, ಒಂದು. ಗುಂಪು ಮಾಡಿ, ಒಬ್ಬರ ಹೆಸರು ಹಾಕಿ, ದಿನಾಂಕ ಕೊಟ್ಟು, ಬಿಸಿಎಫ್ ರೂಪದಲ್ಲಿ ಕಳುಹಿಸಿ. ಬಿಸಿಎಫ್ ತೆರೆದರೆ ಮಾಡೆಲರ್ ನೇರ ಅದೇ ಜಾಗಕ್ಕೆ, ಅದೇ ಕೋನದಿಂದ ಹೋಗಿ ನಿಲ್ಲುತ್ತಾರೆ.

ಯಾರು ಸರಿಯಬೇಕು ಎಂಬ ಜಗಳಕ್ಕೂ ನಿಯಮ ಉಂಟು. ಇಳಿಜಾರು ಬೇಕಾದ ಪೈಪ್‌ಗೆ ಮೊದಲ ಹಕ್ಕು, ಅದು ಮೇಲೆ ಹತ್ತಲಾರದು. ನಂತರ ದೊಡ್ಡ ಡಕ್ಟ್, ಅದಕ್ಕೆ ಜಾಗ ಹುಡುಕುವುದು ಕಷ್ಟ. ನಂತರ ಕೇಬಲ್ ಟ್ರೇ ಮತ್ತು ಒತ್ತಡದ ಪೈಪ್‌ಗಳು. ಕೊನೆಗೆ ಚಿಕ್ಕ ಕಾಂಡ್ಯೂಟ್, ಅದು ಎಲ್ಲಿ ಬೇಕಾದರೂ ಬಾಗುತ್ತದೆ.

ಒಂದು ಕಾರಿಡಾರ್ ತೆಗೆದುಕೊಳ್ಳೋಣ. ನೆಲಹಾಸಿನಿಂದ ಮೇಲಿನ ನೆಲಹಾಸಿಗೆ 3,900 ಮಿ.ಮೀ. ಮೇಲಿನ ಫಿನಿಶ್ 50, ಸ್ಲ್ಯಾಬ್ ಸೇರಿ ಬೀಮ್ ಆಳ 600. ಬೀಮ್ ತಳ 3,250ರಲ್ಲಿ ಬರುತ್ತದೆ. ಸೀಲಿಂಗ್ ಎತ್ತರ 2,700, ಅದರ ಬೋರ್ಡ್ ಮತ್ತು ಫ್ರೇಮ್‌ಗೆ 60. ಬೀಮ್ ಕೆಳಗೆ ಸೇವೆಗಳಿಗೆ ಸಿಗುವುದು 490 ಮಿ.ಮೀ. ಡಕ್ಟ್ 400 ಅಗಲ, 350 ಎತ್ತರ. ಮೇಲೂ ಕೆಳಗೂ 25 ಇನ್ಸುಲೇಶನ್, ತಳದ ಆಧಾರ ಕೋನಕ್ಕೆ 40, ಒಟ್ಟು 440. ಉಳಿದದ್ದು 50. ಇದರ ಕೆಳಗೆ 110 ಮಿ.ಮೀ.ನ ಮಲಿನ ನೀರಿನ ಪೈಪ್ ಅಡ್ಡ ಹಾಯಬೇಕಿದೆ, ಹಾಯುವುದಿಲ್ಲ. ಡಕ್ಟನ್ನು 600 ಅಗಲ, 250 ಎತ್ತರಕ್ಕೆ ಬದಲಿಸಿದರೆ ಅದು ತಿನ್ನುವುದು 340, ಉಳಿಯುವುದು 150. ಪೈಪಿಗೆ ಸಾಕು ಎನ್ನಿಸುತ್ತದೆ. ಆದರೆ 1:100 ಇಳಿಜಾರಿನಲ್ಲಿ 12 ಮೀಟರ್ ಓಡುವ ಪೈಪ್ ಕೊನೆಗೆ ಬರುವಷ್ಟರಲ್ಲಿ 120 ಮಿ.ಮೀ. ಕೆಳಗಿರುತ್ತದೆ, ಇಲ್ಲಿ ಮಿಕ್ಕಿರುವುದು ಬರೀ 40. ಹಾಗಾಗಿ ಪೈಪ್ ಹೊರಟ ಮೊದಲ ನಾಲ್ಕು ಮೀಟರ್ ಒಳಗೇ ಡಕ್ಟನ್ನು ದಾಟಿ ಷಾಫ್ಟ್ (ಪೈಪ್‌ಗಳು ಮಹಡಿಯಿಂದ ಮಹಡಿಗೆ ಇಳಿಯುವ ಜಾಗ) ಸೇರಬೇಕು. ಅದಾಗದಿದ್ದರೆ ಷಾಫ್ಟ್ ಹತ್ತಿರ ಬರಬೇಕು, ಇಲ್ಲವೇ ಸೀಲಿಂಗ್ ಇಳಿಯಬೇಕು.

ಗಮನಿಸಿ, ಇದನ್ನು ಮಾಡೆಲರ್ ತೀರ್ಮಾನಿಸಲಾರರು. ಚಪ್ಪಟೆ ಡಕ್ಟಿನಲ್ಲಿ ಗಾಳಿಯ ಘರ್ಷಣೆ ಹೆಚ್ಚು, ಅದನ್ನು ಒಪ್ಪಬೇಕಾದವರು ಹವಾನಿಯಂತ್ರಣ ಇಂಜಿನಿಯರ್. ಷಾಫ್ಟ್ ಸರಿಸಲು ಆರ್ಕಿಟೆಕ್ಟ್ ಬೇಕು. ಸೀಲಿಂಗ್ ಇಳಿಸಲು ಮಾಲೀಕರ ಒಪ್ಪಿಗೆ ಬೇಕು. ಹೊಂದಾಣಿಕೆ ಸಭೆ ಸೋಲುವುದು ಬಹುತೇಕ ಇಲ್ಲೇ: ‘ಕೇಳಿ ಹೇಳ್ತೀನಿ ಸಾರ್’ ಎನ್ನುವವರನ್ನು ಕಳಿಸುತ್ತಾರೆ, ಒಂದೇ ಡಿಕ್ಕಿ ಮೂರು ವಾರ ಪಟ್ಟಿಯಲ್ಲಿ ಕೂತಿರುತ್ತದೆ. ತೀರ್ಮಾನಿಸುವ ಅಧಿಕಾರವಿರುವವರು ಬರುತ್ತಾರೆ ಎಂದು ಬಿಇಪಿಯಲ್ಲೇ ಬರೆಸಿ. ಸಭೆ ಒಂದೂವರೆ ಗಂಟೆ ಮೀರದಿರಲಿ, ಚಿಕ್ಕಪುಟ್ಟವನ್ನು ಮಾಡೆಲರ್‌ಗಳೇ ಮುಂಚೆ ಮುಗಿಸಿಕೊಂಡು ಬರಲಿ.

ತಾಗದಿದ್ದರೂ ತಪ್ಪಾಗಿರುವ ಜಾಗಗಳೂ ಇವೆ. ವಾಲ್ವ್ ತಿರುಗಿಸಲು ಕೈ ಹೋಗದು, ಫಿಲ್ಟರ್ ಹೊರತೆಗೆಯಲು ಜಾಗವಿಲ್ಲ, ವಿದ್ಯುತ್ ಪ್ಯಾನೆಲ್ ಮುಂದೆ ನಿಲ್ಲಲಾಗದು, ಪ್ಯಾನೆಲ್ ಮೇಲೇ ನೀರಿನ ಪೈಪ್ ಹಾದಿದೆ. ಈ ಖಾಲಿ ಜಾಗಗಳನ್ನು ಪಾರದರ್ಶಕ ಡಬ್ಬಗಳಾಗಿ ಮಾಡೆಲ್‌ನಲ್ಲೇ ಇಟ್ಟು ಪರೀಕ್ಷೆಗೆ ಸೇರಿಸಿ. ‘ಶೂನ್ಯ ಡಿಕ್ಕಿ’ ಎಂಬ ವರದಿಯನ್ನು ನಂಬಬೇಡಿ. ಇನ್ಸುಲೇಶನ್ ಮತ್ತು ಹ್ಯಾಂಗರ್‌ಗಳನ್ನು ಅಳಿಸಿದರೂ ಡಿಕ್ಕಿ ಶೂನ್ಯವಾಗುತ್ತದೆ.

9. ಪ್ರಮಾಣ ಮತ್ತು ವೇಳಾಪಟ್ಟಿ

ಮಾಡೆಲ್‌ನಿಂದ ಬಂದ ಅಂಕಿಗೆ ಒಂದು ಗತ್ತು ಇರುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸಿ. ಬೀಮ್ ಮತ್ತು ಸ್ಲ್ಯಾಬ್ ಪರಸ್ಪರ ಜೋಡಣೆಯಾಗದೆ ಒಂದರೊಳಗೊಂದು ಕೂತಿದ್ದರೆ ಅಷ್ಟು ಕಾಂಕ್ರೀಟ್ ಎರಡು ಸಲ ಎಣಿಕೆಯಾಗುತ್ತದೆ. 300 ಮಿ.ಮೀ. ಅಗಲದ ಬೀಮ್, 150 ಮಿ.ಮೀ. ಸ್ಲ್ಯಾಬ್ ಆದರೆ ಪ್ರತಿ ಮೀಟರ್‌ಗೆ 0.045 ಘನ ಮೀಟರ್ ಹೆಚ್ಚು. ಒಟ್ಟು 1,000 ಮೀಟರ್ ಬೀಮ್ ಇರುವ ಕಟ್ಟಡದಲ್ಲಿ 45 ಘನ ಮೀಟರ್. ಪ್ರತಿ ಬಾರಿಯೂ ಐದು ಬಾಬ್ತು ಆಯ್ದು ಕೈಲೆಕ್ಕದೊಂದಿಗೆ ತಾಳೆ ನೋಡಿ.

ಸರಳು, ಷಟರಿಂಗ್ ವಿಸ್ತೀರ್ಣ, ಗಾರೆ, ವೇಸ್ಟೇಜ್ ಮಾಡೆಲ್‌ನಲ್ಲಿ ತಾನಾಗಿ ಬರುವುದಿಲ್ಲ. ಅಳತೆ ನಿಯಮಗಳು ಚಿಕ್ಕ ಕಿಂಡಿಗಳನ್ನು ಕಳೆಯದೆ ಬಿಡುತ್ತವೆ, ಸಾಫ್ಟ್‌ವೇರ್ ಎಲ್ಲವನ್ನೂ ಕಳೆಯುತ್ತದೆ. ಆದ್ದರಿಂದ ಮಾಡೆಲ್‌ನ ಅಂಕಿ ಮತ್ತು ಬಿಲ್‌ನ ಅಂಕಿ ಒಂದೇ ಆಗಿರಬೇಕಿಲ್ಲ. ವ್ಯತ್ಯಾಸಕ್ಕೆ ಕಾರಣ ಮಾತ್ರ ಹೇಳಲು ಬರಬೇಕು.

ಫೋರ್‌ಡಿಗೆ ಹೋಗುವುದಾದರೆ ಪ್ರತಿ ಅಂಶಕ್ಕೂ ವಲಯ ಸಂಕೇತ ಮತ್ತು ಚಟುವಟಿಕೆ ಸಂಕೇತ ಬೇಕು, ವೇಳಾಪಟ್ಟಿಯಲ್ಲೂ ಅದೇ ಸಂಕೇತ ಇರಬೇಕು. ಸ್ಲ್ಯಾಬನ್ನು ಮೂರು ಭಾಗವಾಗಿ ಕಾಂಕ್ರೀಟ್ ಹಾಕುವಿರಾದರೆ ಮಾಡೆಲ್‌ನಲ್ಲೂ ಮೂರು ತುಂಡಾಗಿರಲಿ.

10. ಸೈಟಿಗೆ ಇಳಿಸುವುದು

ಸೈಟಿಗೆ ಹೋಗುವ ಪ್ರತಿ ಡ್ರಾಯಿಂಗೂ ಮಾಡೆಲ್‌ನಿಂದಲೇ ಹೊರಬರಲಿ. ತುರ್ತು ಎಂದು ಕ್ಯಾಡ್‌ನಲ್ಲಿ ಒಂದು ಗೆರೆ ತಿದ್ದಿ ಕಳಿಸಿದ ದಿನದಿಂದ ಮಾಡೆಲ್ ಸುಳ್ಳು ಹೇಳಲು ಶುರುಮಾಡುತ್ತದೆ. ಹಾಗೆ ತಿದ್ದಲೇಬೇಕಾದರೆ 48 ಗಂಟೆಯೊಳಗೆ ಮಾಡೆಲ್‌ಗೂ ಬರಬೇಕೆಂಬ ನಿಯಮ ಇಡಿ.

ಮೊದಲ ಗೆಲುವು ಸಿಗುವ ಜಾಗ ಸ್ಲೀವ್. ಸ್ಲ್ಯಾಬ್‌ವಾರು ಸ್ಲೀವ್ ಡ್ರಾಯಿಂಗ್ ಮತ್ತು ಬಿಂದುಗಳ ಪಟ್ಟಿ ತೆಗೆದು, ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರಕ್ಕೆ ಹಾಕಿ ಷಟರಿಂಗ್ ಮೇಲೆ ಗುರುತು ಮಾಡಿಸಿ. ಕಾಂಕ್ರೀಟ್ ಹಾಕುವ ಹಿಂದಿನ ದಿನ ಟ್ಯಾಬ್ಲೆಟ್ ಹಿಡಿದು ಒಂದೊಂದನ್ನೂ ಎಣಿಸಿ. ಆಮೇಲೆ ಕೋರ್ ಕಟಿಂಗ್ (ಗಟ್ಟಿಯಾದ ಕಾಂಕ್ರೀಟ್ ಕೊರೆಯುವುದು) ಎಷ್ಟು ಬೇಕಾಯಿತು ಎಂದು ಲೆಕ್ಕವಿಡಿ. ಬಿಐಎಂ ಉಪಯೋಗವಾಯಿತೇ ಎಂದು ಕೇಳುವವರ ಮುಂದೆ ಇಡಲು ಇದಕ್ಕಿಂತ ನೇರವಾದ ಅಂಕಿ ಇಲ್ಲ. ಬೀಮ್‌ನಲ್ಲಿ ತೂತು ಎಲ್ಲಿ, ಎಷ್ಟು ದೊಡ್ಡದು ಎಂಬುದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಬೇಕೇ ಬೇಕು.

ಸೀಲಿಂಗ್ ಮುಚ್ಚುವ ಮುನ್ನ, ಮಣ್ಣು ತುಂಬುವ ಮುನ್ನ, ಕಟ್ಟಿದ್ದು ಮಾಡೆಲ್‌ಗೆ ಹೊಂದಿದೆಯೇ ಎಂದು ಅಳೆದು ನೋಡಿ. ಲೇಸರ್ ಸ್ಕ್ಯಾನ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಟೇಪು, ದಿನಾಂಕವಿರುವ ಫೋಟೊ, ಗ್ರಿಡ್‌ನಿಂದ ದೂರ ಬರೆದ ಹಾಳೆ ಸಾಕು. ಮುಚ್ಚಿದ ಮೇಲೆ ಕೊಡುವ ‘ಆ್ಯಸ್ ಬಿಲ್ಟ್’ ಊಹೆಯೇ ಹೊರತು ದಾಖಲೆಯಲ್ಲ.

11. ಹಸ್ತಾಂತರ

ನಿರ್ವಹಣೆ ಮಾಡುವವರಿಗೆ ಬೋಲ್ಟಿನ ಆಕಾರ ಬೇಕಿಲ್ಲ. ಪ್ರತಿ ಉಪಕರಣಕ್ಕೆ ಟ್ಯಾಗ್, ಇರುವ ಕೋಣೆ, ತಯಾರಕರು, ಮಾದರಿ, ಕ್ರಮಸಂಖ್ಯೆ, ಅಳವಡಿಸಿದ ದಿನ, ವಾರಂಟಿ ಮುಗಿಯುವ ದಿನ, ಬಿಡಿಭಾಗಗಳು, ಕೈಪಿಡಿಯ ಕೊಂಡಿ, ಹೀಗೆ ಹತ್ತು ಹದಿನೈದು ಅಂಶ ಸಾಕು. ಕೋಬಿ ಎಂಬ ಮಾದರಿ ಇವನ್ನು ಸ್ಪ್ರೆಡ್‌ಶೀಟ್ ರೂಪದಲ್ಲಿ ಜೋಡಿಸುತ್ತದೆ. ಕ್ರಮಸಂಖ್ಯೆಯನ್ನು ಉಪಕರಣ ಕೂರಿಸುವ ದಿನವೇ ಬರೆದುಕೊಳ್ಳಿ. ಆರು ತಿಂಗಳ ನಂತರ ಸೀಲಿಂಗ್ ಮೇಲೆ ಹತ್ತಿ ಲೇಬಲ್ ಓದುವ ಕೆಲಸ ಯಾರಿಗೂ ಬೇಡ. ಮೂಲ ಫೈಲ್ ಜೊತೆ ಐಎಫ್‌ಸಿ ಪ್ರತಿಯನ್ನೂ ಪಡೆಯಿರಿ, ಹತ್ತು ವರ್ಷದ ಮೇಲೆ ಆ ಸಾಫ್ಟ್‌ವೇರ್‌ನ ಪರವಾನಗಿ ನಿಮ್ಮಲ್ಲಿ ಇರದಿರಬಹುದು.

ಕೊನೆಯ ಕಂತು ಬಿಡುಗಡೆ ಮಾಡುವ ಮುನ್ನ ನಿರ್ವಹಣೆಯವರನ್ನು ಕರೆದುಕೊಂಡು ಕಟ್ಟಡ ಸುತ್ತಿ. ಮಾಡೆಲ್‌ನಿಂದ ಇಪ್ಪತ್ತು ಉಪಕರಣಗಳನ್ನು ಮನಬಂದಂತೆ ಆರಿಸಿ, ಹೇಳಿದ ಕೋಣೆಯಲ್ಲಿ, ಹೇಳಿದ ಟ್ಯಾಗ್‌ನಲ್ಲಿ, ಅದೇ ಕ್ರಮಸಂಖ್ಯೆಯೊಡನೆ ಇದೆಯೇ ನೋಡಿ. ಆಮೇಲೆ ಉಲ್ಟಾ: ಕಟ್ಟಡದಲ್ಲಿ ಕಂಡ ಇಪ್ಪತ್ತನ್ನು ಮಾಡೆಲ್‌ನಲ್ಲಿ ಹುಡುಕಿ. ಎರಡನೇ ಸುತ್ತಿನಲ್ಲೇ ಹೆಚ್ಚು ತಪ್ಪು ಸಿಗುವುದು, ಏಕೆಂದರೆ ಕೊನೆಯ ಗಳಿಗೆಯಲ್ಲಿ ಸೇರಿಸಿದ ಉಪಕರಣಗಳು ಮಾಡೆಲ್‌ಗೆ ಬಂದಿರುವುದೇ ಇಲ್ಲ. ಯಾವ ಸುತ್ತಿನಲ್ಲಾದರೂ ಎರಡಕ್ಕಿಂತ ಹೆಚ್ಚು ತಪ್ಪಿದರೆ ಇಡೀ ಪಟ್ಟಿಯನ್ನು ಗುತ್ತಿಗೆದಾರರಿಗೆ ವಾಪಸ್ ಕಳಿಸಿ, ಕಂತು ತಡೆಹಿಡಿಯಿರಿ.